ಹತ್ತಿರದ ಫೋನಿಗೆ ಕಳಿಸಿದ ಹೆಸರು

ಅಕ್ಕನ ಗಂಟಲಿನ ಗಂಟು ಕೆಟ್ಟ ಜಾತಿಯದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಬಿಡಿಸಿ ಹೇಳಿದರು. ಅಕ್ಕನ ಗಂಡ, ನಾವು ಮಾಮಾ ಅನ್ನುವವರು, ಗೋಡೆ ಹಿಡಿದು ನಿಂತುಬಿಟ್ಟರು. ನಾನು ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೂವನ್ನೇ ನೋಡುತ್ತ ಕೂತಿದ್ದೆ. ಅಕ್ಕ ಒಬ್ಬಳೇ ನೆಟ್ಟಗೆ ಕೂತು, ಆಗಲೇ ಒಡೆದುಹೋಗಿದ್ದ ದನಿಯಲ್ಲಿ ಕೇಳಿದಳು:

"ಆಪರೇಶನ್ ಒಂದ್ ನಾಕ್ ತಿಂಗಳ ಮುಂದ ಹಾಕಾಕ ಬರ್ತದೇನ್ರಿ?"

"ಯಾಕಮ್ಮಾ, ಮನೇಲಿ ಮದುವೆ ಗಿದುವೆ ಇದೆಯಾ?"

"ಮದುವಿ ಅಲ್ರಿ. ನಮ್ಮ ತಮ್ಮನ ಹೆಂಡ್ತಿಗೆ ಈಗ ಆರ್ ತಿಂಗಳ. ಕೂಸಿನ್ನ ತೊಟ್ಟಿಲಿಗೆ ಹಾಕೂ ದಿನ ನಾ ಹೆಸರು ಹೇಳಬೇಕ್ರಿ."

ನಾಲ್ಕು ತಿಂಗಳಲ್ಲ, ನಾಲ್ಕು ವಾರವೂ ತಡೆಯುವಂತಿಲ್ಲ ಅಂದರು ಡಾಕ್ಟರು. ಇಪ್ಪತ್ತು ದಿನ ಬಿಟ್ಟು ಒಂದು ಬುಧವಾರ ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಹಾವೇರಿಯಲ್ಲಿ ಇಳಿದೆ, ಅಕ್ಕ, ಮಾಮಾ ಬ್ಯಾಡಗಿಗೆ ಮುಂದೆ ಹೋದರು.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ಕೂಸಿನ ಅಪ್ಪನ ಒಡಹುಟ್ಟಿದವಳು. ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಊದಿ ಹೆಸರು ಹೇಳುತ್ತಾಳೆ. ಹಿಂದೆ ನಿಂತ ಹೆಂಗಸರು ಆಗ ಆಕೆಯ ಬೆನ್ನಿಗೆ ದಬದಬ ಗುದ್ದುತ್ತಾರೆ, ನಗುತ್ತಾರೆ. ಕೂಸು ಬೆಚ್ಚಿ ಅಳುತ್ತದೆ, ಗುಗ್ಗರಿ ಹಂಚುತ್ತಾರೆ. ಅಣ್ಣನ ಮೂರು ಮಕ್ಕಳಿಗೂ, ದೊಡ್ಡಪ್ಪನ ಮಗನ ಮಕ್ಕಳಿಗೂ ಹೆಸರು ಹೇಳಿದವಳು ನಮ್ಮ ಅಕ್ಕನೇ. ನಾನೂ ಸೋದರತ್ತೆಯೇ, ಆದರೆ ಆಕೆ ಹಿರಿಯಳು, ಮಾನ ಆಕೆಯದು. ಕೊನೆಯ ತಮ್ಮನಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಈಗ ಕೂಸು. ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ದೊಡ್ಡವನನ್ನಾಗಿ ಮಾಡಿದವಳೂ ಅಕ್ಕನೇ. ಅವನ ಕೂಸಿಗೆ ತಾನೇ ಹೆಸರು ಹುಡುಕಿ ಇಡುತ್ತೇನೆ ಎಂದು ಆಕೆ ಮೊದಲೇ ಹೇಳಿಬಿಟ್ಟಿದ್ದಳು, ತಮ್ಮನೂ ಹ್ಞೂಂ ಅಂದಿದ್ದ. ಏನು ಹೆಸರು ಅಂತ ಯಾರಿಗೂ ಹೇಳುವಂತಿಲ್ಲ. ಕೂಸಿನ ಕಿವಿಗೆ ಬೀಳುವ ಮೊದಲು ಅದು ಮತ್ತೊಬ್ಬರ ಕಿವಿಗೆ ಬೀಳಬಾರದು, ಇದು ಆಕೆಯ ಕಟ್ಟುನಿಟ್ಟು.

ಅಕ್ಕನ ದನಿ ಎಂಥದ್ದು ಅಂತ ಬ್ಯಾಡಗಿಯಲ್ಲಿ ಆಕೆಯ ಖಾರದ ಗಿರಣಿಗೆ ಬಂದುಹೋದವರನ್ನು ಕೇಳಬೇಕು. ಎರಡು ಯಂತ್ರ ಒಟ್ಟಿಗೆ ಮೆಣಸಿನಕಾಯಿ ಕುಟ್ಟುತ್ತಿದ್ದರೂ, ಆ ಸಪ್ಪಳದ ಮೇಲೆ ಹತ್ತಿ ಆಕೆಯ ಮಾತು ಬೀದಿಯ ತುದಿಗೆ ಕೇಳುತ್ತಿತ್ತು. "ಏ ಮಾವಾರ, ನಿಮ್ಮ ಚೀಲಾ ಆಗೈತಿ, ಒಯ್ರಿ ಲಗೂನ!" ಅಂದರೆ ಚಹದಂಗಡಿಯಲ್ಲಿ ಕೂತವನು ಅರ್ಧ ಕಪ್ಪು ಬಿಟ್ಟು ಎದ್ದು ಬರುತ್ತಿದ್ದ. ಖಾರದ ಧೂಳಿನಿಂದಲೇ ಹೀಗಾಯಿತು ಎಂದು ಓಣಿಯವರು ಅಂದರು. ಡಾಕ್ಟರು ಹಾಗೆ ಅನ್ನಲಿಲ್ಲ. ಯಾಕೆ ಆಯಿತೋ, ಆಯಿತು.

ಇನ್ನು ನನ್ನ ಶಾಣ್ಯಾತನದ ಕಥೆ. ನಾನು ಹಾವೇರಿಯಲ್ಲಿ ಕೋರ್ಟಿನ ನಕಲು ವಿಭಾಗದ ನೌಕರಿಯವಳು. ಮೂಲ ಕಾಗದ ಇಟ್ಟುಕೊಂಡು ನಕಲು ತೆಗೆಯುವುದು, ಆಮೇಲೆ ಎರಡನ್ನೂ ಅಕ್ಷರ ಅಕ್ಷರ ತಾಳೆ ನೋಡಿ ಸರಿ ಇದೆ ಎಂದು ಸಹಿ ಹಾಕುವುದು, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಅಕ್ಕನ ದನಿಯದೂ ಒಂದು ನಕಲು ತೆಗೆದಿಟ್ಟುಕೊಂಡರಾಯಿತು ಎಂದು ಹೊಳೆದದ್ದು ನನಗೇ. ಅಕ್ಕನ ಫೋನಿನಲ್ಲಿ ರೆಕಾರ್ಡರ್ ಎಲ್ಲಿದೆ ಅಂತ ತೋರಿಸಿಕೊಟ್ಟೆ.

"ತೊಟ್ಟಿಲಿಗೆ ಹಾಕೂ ದಿನ ಕೂಸಿನ ಕಿವಿ ಹತ್ತಿರ ಫೋನ್ ಹಿಡಿತೇನಿ. ನಿನ್ನ ದನೀಲೇ ಹೆಸರು ಬೀಳ್ತದ. ಆತಿಲ್ಲೊ?" ಅಂದೆ.

ಅಕ್ಕ ಆ ಫೋನನ್ನು ಹೊರಳಿಸಿ ಹೊರಳಿಸಿ ನೋಡಿದಳು. ಎಷ್ಟೋ ದಿನದ ಮೇಲೆ ಆಕೆಯ ಮುಖದಲ್ಲಿ ನಗು ಕಂಡೆ. "ಆಗ ನನ್ನ ಬೆನ್ನಿಗೆ ಗುದ್ದತಾರೋ, ನಿನ್ನ ಫೋನಿಗೆ ಗುದ್ದತಾರೋ?" ಅಂದಳು.

ಆಕೆಯ ದನಿ ಬೆಳಗಿನ ಹೊತ್ತು ಒಂದಿಷ್ಟು ಬರುತ್ತಿತ್ತು, ಮಧ್ಯಾಹ್ನಕ್ಕೆ ಪೂರಾ ಕಟ್ಟಿಹೋಗುತ್ತಿತ್ತು. ಹಾಗಾಗಿ ಬೆಳಗ್ಗೆ ಎದ್ದು ದೇವರ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ರೆಕಾರ್ಡ್ ಮಾಡುತ್ತಿದ್ದಳು. ನಾನು ಭಾನುವಾರ ಹಾವೇರಿಯಿಂದ ಹೋಗಿ ಅದನ್ನು ನನ್ನ ಫೋನಿಗೆ ತೆಗೆದುಕೊಂಡು, ಆಕೆಯದರಲ್ಲಿ ಜಾಗ ಖಾಲಿ ಮಾಡಿ ಬರಬೇಕು. ಹಳೆಯ ಫೋನು ಅದು, ಎರಡು ಹಾಡು ಹೆಚ್ಚಾದರೆ ತುಂಬಿತು ಅನ್ನುತ್ತಿತ್ತು.

"ವಾಟ್ಸಾಪಿನಾಗ ಕಳಸು, ಮುಗೀತಲ್ಲ," ಅಂದಿದ್ದೆ ಮೊದಲು.

"ಬ್ಯಾಡ. ಅದು ಎಲ್ಲಿ ಹೋಗಿ ಎಲ್ಲಿ ಬರ್ತದೋ ಏನೋ. ಮೊನ್ನೆ ಮಾಮಾರ ಫೋಟೊ ಯಾರದೋ ಗ್ರೂಪಿಗೆ ಹೋಗಿತ್ತು. ಹೆಸರದು ಮನಿ ಬಿಟ್ಟು ಹೊರಗ ಹೋಗಬಾರದು."

ಅದಕ್ಕೇ ನಾನು ಹತ್ತಿರದ ಫೋನಿಗೆ ಕಳಿಸುವ ಪದ್ಧತಿ ಚಾಲೂ ಮಾಡಿದ್ದು. ಎರಡೂ ಫೋನಿನಲ್ಲಿ ಬ್ಲೂಟೂತ್ ಹಚ್ಚಬೇಕು, ವೈಫೈ ಹಚ್ಚಬೇಕು, ಲೊಕೇಶನ್ ಹಚ್ಚಬೇಕು. ತೆಗೆದುಕೊಳ್ಳುವ ಫೋನು ಹತ್ತಿರ ಇರುವ ಎಲ್ಲರಿಗೂ ಕಾಣಲಿ ಅಂತ ಒತ್ತಬೇಕು. ಆಗ ಕಳಿಸುವ ಫೋನಿನಲ್ಲಿ ಸುತ್ತಲಿರುವ ಫೋನುಗಳ ಹೆಸರು ಮೂಡುತ್ತವೆ. ಬೇಕಾದ ಹೆಸರು ಮುಟ್ಟಿದರೆ ಆ ಕಡೆ 'ತೆಗೆದುಕೊಳ್ಳುತ್ತೀರಾ' ಅಂತ ಕೇಳುತ್ತದೆ. ಅವರು ಹೌದು ಅಂತ ಒತ್ತಿದರೆ ನೆಟ್ಟೂ ಬೇಡ, ತಂತಿಯೂ ಬೇಡ, ಸಾಮಾನು ಆ ಕಡೆ ಹೋಗಿ ಬೀಳುತ್ತದೆ. "ಈ ಕೋಣ್ಯಾಗಿಂದ ಆ ಕೋಣಿಗೆ, ಅಷ್ಟs. ಹೊಸ್ತಿಲಾ ದಾಟೂದಿಲ್ಲ," ಎಂದು ಅಕ್ಕನಿಗೆ ಮಾತು ಕೊಟ್ಟವಳು ನಾನೇ.

ಫೋನಿನ ಹೆಸರಿನ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಬಳಗದವರೆಲ್ಲ ಫೋನು ತೆಗೆದುಕೊಳ್ಳುವುದು ರಾಣೆಬೆನ್ನೂರಿನ ಒಂದೇ ಅಂಗಡಿಯಲ್ಲಿ, ಅವನು ನಮ್ಮ ಪೈಕಿ ಹುಡುಗ. ಸ್ಟೀಲಿನ ಪಾತ್ರೆಯ ಮೇಲೆ ಹೆಸರು ಕೊರೆಯುತ್ತಾರಲ್ಲ, ಹಾಗೆ ಆತ ಮಾರುವ ಪ್ರತಿ ಫೋನಿಗೂ ತನ್ನ ಅಂಗಡಿಯ ಹೆಸರನ್ನೇ ಹಾಕಿ ಕೊಡುತ್ತಾನೆ. ಪುಕ್ಕಟೆ ಜಾಹೀರಾತು. ಯಾರೂ ಅದನ್ನು ಬದಲಿಸುವ ಗೋಜಿಗೆ ಹೋಗುವುದಿಲ್ಲ. ನನ್ನ ಫೋನಿನ ಹೆಸರೂ ಅದೇ. ಮೊದಲ ಭಾನುವಾರ ಪಟ್ಟಿಯಲ್ಲಿ ಅದೊಂದೇ ಕಂಡಿತು, ಒತ್ತಿದೆ, ಬಂತು. ಅಕ್ಕ ಮಾಮಾನನ್ನು ಊಟಕ್ಕೆ ಕರೆಯುವುದು, ಗಿರಣಿಯವರನ್ನು ಬೈಯುವುದು, ನಮ್ಮ ಅವ್ವನ ಕಾಲದ ಒಂದೆರಡು ಮಾತು, ಎಲ್ಲವೂ ಬಂದವು. ನಾನು ಹಿಗ್ಗಿದೆ.

ಎರಡನೆಯ ಭಾನುವಾರ ಆಪರೇಶನ್ನಿಗೆ ಮೂರು ದಿನ ಉಳಿದಿತ್ತು. ಅಕ್ಕನ ಮನೆ ತುಂಬ ಮಂದಿ. ಕಾಯಿಲೆಯವರನ್ನು ಮಾತಾಡಿಸಿಕೊಂಡು ಹೋಗಬೇಕಲ್ಲ, ನಾಳೆ ಮಾತೇ ಇರುವುದಿಲ್ಲ ಅಂತ ಗೊತ್ತಾದ ಮೇಲೆ ಯಾರು ಬಿಡುತ್ತಾರೆ? ಬಾಳೆಹಣ್ಣು, ಬ್ರೆಡ್ಡು, ಎಳನೀರು ಹಿಡಿದು ಬಂದವರೇ ಬಂದವರು. ಬಂದವರಿಗೆಲ್ಲ ಆಕೆ ಮಾತಾಡಬೇಕು. "ಸುಮ್ಮನ ಕುಂದ್ರು, ಮಾತಾಡಬ್ಯಾಡ," ಎಂದು ಹೇಳಿ, ಮರುಗಳಿಗೆಯಲ್ಲಿ "ಹೆಂಗಾತವಾ ಇದು, ಮೊದಲಿಂದ ಹೇಳು," ಅನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಉಳಿದಿರುವ ನಾಲ್ಕು ಮಾತನ್ನೂ ಹಿಂಡಿಕೊಂಡು ಹೋಗಲು ಬಂದಿದ್ದಾರೆ ಅನ್ನಿಸುತ್ತಿತ್ತು.

ಬಂದವರಲ್ಲಿ ರಾಣೆಬೆನ್ನೂರಿನ ವೈನಿಯೂ ಇದ್ದಳು, ನಮ್ಮ ದೊಡ್ಡಪ್ಪನ ಮಗನ ಹೆಂಡತಿ. ಒಳ್ಳೆಯವಳು, ಬಾಯಿ ಸ್ವಲ್ಪ ಜಾಸ್ತಿ. ತನ್ನ ಸೊಸೆಯ ಐದು ತಿಂಗಳ ಬಸಿರು ಹೋಗಿ ಇನ್ನೂ ತಿಂಗಳಾಗಿರಲಿಲ್ಲ, ಆ ದುಃಖದಲ್ಲಿಯೂ ಬಂದಿದ್ದಳು. ಬಂದವಳು, "ನಿನ್ನ ಹತ್ರ ಹಳೇ ಫೋಟೊ ಅದಾವಂತಲ್ಲ, ನನಗೂ ಕಳಸವಾ," ಅಂದಳು. ಆಕೆಯ ಫೋನು ತೆಗೆದುಕೊಂಡು ಬ್ಲೂಟೂತ್ ಹಚ್ಚಿ, ಎಲ್ಲರಿಗೂ ಕಾಣುವಂತೆ ನಾನೇ ಒತ್ತಿದೆ. ಫೋಟೊ ಕಳಿಸಿದೆ. ಅದನ್ನು ಮತ್ತೆ ಬಂದ್ ಮಾಡುವುದು ನನ್ನ ತಲೆಗೆ ಹೊಳೆಯಲಿಲ್ಲ.

ಮಂದಿ ಊಟಕ್ಕೆ ಕೂತಾಗ ಅಕ್ಕ ಕಣ್ಸನ್ನೆ ಮಾಡಿ ನನ್ನನ್ನು ದೇವರ ಕೋಣೆಗೆ ಕರೆದಳು. ಬಾಗಿಲು ಮುಂದೆ ಮಾಡಿ ಫೋನು ಕೈಗಿಟ್ಟಳು. ದನಿ ಆಗಲೇ ಇಂಗಿಹೋಗಿತ್ತು, ಬರೀ ಉಸಿರಿನಲ್ಲಿ ಹೇಳಿದಳು: "ಎರಡ ಮಾಡೇನಿ. ಮೊದಲಿಂದು ಹೆಣ್ಣಾದ್ರ, ಎರಡನೇದು ಗಂಡಾದ್ರ. ನೀನೂ ಕೇಳಬ್ಯಾಡ. ನನ್ನ ಮ್ಯಾಲೆ ಆಣಿ."

"ಇಲ್ಲಬೇ, ಕೇಳೂದಿಲ್ಲ."

"ಕಳಿಸಿದ ಮ್ಯಾಲೆ ನನ್ನ ಫೋನಿನಾಗಿಂದು ಅಳಿಸಿಬಿಡು. ನಾ ದವಾಖಾನ್ಯಾಗ ಇದ್ದಾಗ ಇದು ಹತ್ತ ಮಂದಿ ಕೈಯಾಗ ಆಡ್ತದ."

ನನ್ನ ಫೋನು ಪಡಸಾಲೆಯ ಕಿಟಕಿಯಲ್ಲಿ ಚಾರ್ಜಿಗೆ ಇತ್ತು. ಪಟ್ಟಿ ತೆಗೆದೆ. ಅಂಗಡಿಯ ಹೆಸರು ಕಂಡಿತು. ಅದೇ ಅಂತ ಮುಟ್ಟಿದೆ. ಮುಟ್ಟಿ, ಕೋಣೆಯೊಳಗಿಂದಲೇ ಕೂಗಿದೆ: "ಯಾರರ ಆ ಫೋನ್ ನೋಡ್ರಿ, ಏನರ ಕೇಳಿದ್ರ ಹ್ಞೂಂ ಅಂತ ಒತ್ರಿ!"

"ಒತ್ತೇನವಾ!" ಅಂದಳು ವೈನಿ, ಪಡಸಾಲೆಯಿಂದ.

ಅಕ್ಕನ ಫೋನಿನಲ್ಲಿ ಹಸಿರು ಗುರುತು ಬಂತು, ಕಳಿಸಲಾಗಿದೆ. ನಾನು ಎರಡನ್ನೂ ಅಳಿಸಿದೆ. ಅಳಿಸಿದ್ದು ಕಸದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ ಎಂಬುದು ಗೊತ್ತಿದ್ದ ಜಾಣೆ ನಾನು, ಅಲ್ಲಿಂದಲೂ ತೆಗೆದೆ. ನಕಲು ಆದ ಮೇಲೆ ಕಚ್ಚಾ ಪ್ರತಿ ಹರಿಯುವುದು ನಮ್ಮ ವಿಭಾಗದ ಅಭ್ಯಾಸ. ಆದರೆ ಹರಿಯುವ ಮೊದಲು ತಾಳೆ ನೋಡಬೇಕು. ಇಪ್ಪತ್ತೆರಡು ವರ್ಷ ಯಾರ್ಯಾರದೋ ಜಮೀನಿನ, ಯಾರ್ಯಾರದೋ ಜಗಳದ ಕಾಗದ ತಾಳೆ ನೋಡಿದವಳು ನನ್ನ ಸ್ವಂತ ಅಕ್ಕನ ದನಿಯನ್ನು ತಾಳೆ ನೋಡಲಿಲ್ಲ. ಕೇಳಬ್ಯಾಡ ಅಂದಿದ್ದಳಲ್ಲ, ಆ ಹೆದರಿಕೆಗೆ ನನ್ನ ಫೋನಿನಲ್ಲಿ ಆ ಜಾಗವನ್ನೇ ತೆರೆಯಲಿಲ್ಲ. ತೆರೆದರೆ ಎಲ್ಲಿ ಕೈ ತಪ್ಪಿ ಹಾಡಿಬಿಡುತ್ತದೋ ಅಂತ.

ಬುಧವಾರ ಬೆಳಗ್ಗೆ ಅಕ್ಕನನ್ನು ಒಳಗೆ ಒಯ್ದರು. ಗಾಲಿಯ ಮಂಚದ ಮೇಲೆ ಮಲಗಿ ಹೋಗುವಾಗ ಆಕೆ ಕೈ ಎತ್ತಿ ಫೋನಿದ್ದ ನನ್ನ ಪರ್ಸನ್ನು ತೋರಿಸಿದಳು. ನಾನು ಪರ್ಸು ತಟ್ಟಿ ತೋರಿಸಿದೆ. ಮಾಮಾನನ್ನು ನೋಡಿ, "ಗಿರಣಿ ಬಂದ್ ಇಡಬ್ಯಾಡ್ರಿ," ಅಂದಳು. ಅದೇ ಆಕೆಯ ಕೊನೆಯ ಮಾತು. ಅದನ್ನು ಯಾರೂ ರೆಕಾರ್ಡ್ ಮಾಡಿಕೊಂಡಿಲ್ಲ.

ಹೊರಗೆ ಬೆಂಚಿನ ಮೇಲೆ ಆರು ತಾಸು ಕೂರಬೇಕಿತ್ತು. ಎರಡನೆಯ ತಾಸಿಗೆ ನನಗೆ ತಡೆಯಲಾಗಲಿಲ್ಲ. ಕೇಳುವುದಿಲ್ಲ, ಇವೆಯೋ ಇಲ್ಲವೋ ಅಷ್ಟು ನೋಡುತ್ತೇನೆ ಅಂತ ಫೋನು ತೆರೆದೆ. ಹಿಂದಿನ ಭಾನುವಾರದ ಒಂಬತ್ತು ಇದ್ದವು. ಈ ಭಾನುವಾರದ್ದು ಒಂದೂ ಇರಲಿಲ್ಲ. ಬಂದ್ ಮಾಡಿ ಮತ್ತೆ ತೆರೆದೆ. ಎಲ್ಲ ಕಡೆ ಹುಡುಕಿದೆ. ಎದ್ದು ಆ ಬಾಗಿಲಿನ ಹತ್ತಿರ ಹೋಗಿ ನಿಂತೆ. ನಿಲ್ಲಿಸ್ರಿ, ಒಂದು ಐದು ನಿಮಿಷ ನಿಲ್ಲಿಸ್ರಿ ಅಂತ ಕೂಗಬೇಕು ಅನ್ನಿಸಿತು. ಆ ಹೊತ್ತಿಗೆ ಗಂಟಲು ಕೊಯ್ದು ಎಷ್ಟು ಹೊತ್ತಾಗಿತ್ತೋ. ಬಾಗಿಲಿನಿಂದ ಬಂದ ನರ್ಸು, "ಕುಂದ್ರಿಬೇ ಅಲ್ಲೆ, ದಾರಿ ಬಿಡ್ರಿ," ಅಂದಳು. ಬಂದು ಕೂತೆ.

ಮಾಮಾ, "ಯಾಕ, ಏನಾತು?" ಅಂದರು.

"ಏನಿಲ್ಲ ಮಾಮಾ, ಫೋನ್ ಹ್ಯಾಂಗ್ ಆಗೇದ."

ಮೂರನೆಯ ದಿನ ಅಕ್ಕ ಎದ್ದು ಕೂತಳು. ಕುತ್ತಿಗೆಯಲ್ಲಿ ತೂತು, ಅದರೊಳಗೆ ನಳಿಕೆ, ಇನ್ನು ಆಕೆ ಉಸಿರಾಡುವುದು ಅಲ್ಲಿಂದಲೇ. ನರ್ಸು ಒಂದು ನೋಟ್‌ಬುಕ್ಕು, ಪೆನ್ನು ಕೊಟ್ಟರು. ನೋವು ಹೇಗಿದೆ ಬರೆಯಿರಿ ಅಂದರು. ಅಕ್ಕ ನನ್ನ ಕಡೆ ತಿರುಗಿ, ಒಂದೇ ಶಬ್ದ ಬರೆದಳು: "ಅದಾವಲ್ಲ?"

ನಾನು ಗೋಣು ಆಡಿಸಿದೆ. ಇವೆ ಅಂತ. ಸುಳ್ಳು ಹೇಳಲು ಬಾಯಿ ತೆರೆಯಬೇಕಾಗಲಿಲ್ಲ, ಅಷ್ಟು ಸಲೀಸಾಗಿತ್ತು.

ಆಕೆ ಕಣ್ಣು ಮುಚ್ಚಿಕೊಂಡಳು. ನಾನು ಹೊರಗೆ ಹೋಗಿ ನೀರಿನ ಟಾಕಿಯ ಹಿಂದೆ ನಿಂತು ಅತ್ತೆ. ನಾಯಿಯ ಹಾಗೆ ಅತ್ತೆ. ನಾಚಿಕೆಯಾಗುತ್ತದೆ ಈಗ ಬರೆಯಲು.

ಆ ಹಸಿರು ಗುರುತು ಬಂತು ಅಂದಮೇಲೆ ಯಾರೋ ಒಬ್ಬರಿಗೆ ಹೋಗಿರಬೇಕಲ್ಲ. ಹಾವೇರಿಗೆ ಬಂದ ಮೇಲೆ ಕೂತು ನೆನಪು ಮಾಡಿಕೊಂಡೆ. 'ಒತ್ತೇನವಾ' ಅಂದಿದ್ದ ದನಿ ನೆನಪಾಯಿತು. ವೈನಿಯ ಫೋನೂ ಅದೇ ಅಂಗಡಿಯದು, ನನ್ನದನ್ನು ಬಿಟ್ಟು ಅದನ್ನು ಎಲ್ಲರಿಗೂ ಕಾಣುವಂತೆ ಇಟ್ಟವಳು ನಾನೇ. ಮರುದಿನ ರಜೆ ಹಾಕಿ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಫೋನಿನಲ್ಲಿ ಕೇಳುವ ಧೈರ್ಯ ಇರಲಿಲ್ಲ, ಕೇಳಿದರೆ ಆಕೆ ಗಾಬರಿಯಲ್ಲಿ ಏನಾದರೂ ಒತ್ತಿಬಿಟ್ಟಾಳು ಅಂತ. ದಾರಿಯುದ್ದಕ್ಕೂ, ಇರಲಿ ದೇವರೇ, ಆ ಫೋನಿನಲ್ಲಿ ಇರಲಿ, ಕೇಳಿದ್ದರೂ ಕೇಳಿರಲಿ, ಇರಲಿ ಅಷ್ಟೇ, ಅಂತ ಗೊಣಗುತ್ತಿದ್ದೆ.

ವೈನಿ ರೊಟ್ಟಿ ಬಡಿಯುತ್ತಿದ್ದಳು. "ಬಾರವಾ, ಹೆಂಗದಾಳ ಅಕ್ಕ?" ಅಂದಳು. ನಾನು ಕೂರಲಿಲ್ಲ.

"ವೈನಿ, ಅವತ್ತ ಭಾನುವಾರ ನಾ ಒತ್ರಿ ಅಂದ್ನೆಲ್ಲ, ಯಾವ ಫೋನ್ ಒತ್ತಿದ್ರಿ ನೀವು?"

"ನನ್ನ ಕೈಯಾಗಿಂದs ಟಿಣ್ ಅಂತು. ಏನೋ ಬರಲೇನು ಅಂತ ಕೇಳ್ತು. ನೀ ಹ್ಞೂಂ ಅನ್ನು ಅಂದಿ, ಅಂದೆ. ಫೋಟೊ ಇರಬೇಕು ಅನ್ಕೊಂಡೆ."

"ಅದಾವ ಅವು? ಎಲ್ಲಿ ಅದಾವ?"

ರೊಟ್ಟಿ ಬಡಿಯುವ ಕೈ ನಿಂತಿತು. "ಅಯ್ಯ ನನ್ನವ್ವ, ಅದು ನಿಮ್ಮದೇನು?"

"ಏನ್ ಮಾಡಿದ್ರಿ ವೈನಿ?"

"ಮನಿಗೆ ಬಂದು ಹಚ್ಚಿದೆ. ಯಾವಾಕಿನೋ ಒಬ್ಬಾಕಿ, ದನಿ ಒಡದಿದ್ದು, ಕುರ್ರ್ ಅಂತ ಊದಿ ಒಂದು ಹೆಸರು ಹೇಳಿದ್ಳು. ಎರಡನೇದರಾಗ ಮತ್ತ ಕುರ್ರ್, ಮತ್ತೊಂದು ಹೆಸರು. ನನ್ನ ಎದಿ ಧಸಕ್ ಅಂತು. ತೊಟ್ಟಿಲಿಲ್ಲ, ಕೂಸಿಲ್ಲ, ನಮ್ಮ ಸೊಸಿದು ಹೋಗಿ ತಿಂಗಳಾಗಿಲ್ಲ. ಒಳಗ ಆಕಿ ಮಲಗ್ಯಾಳ, ಕೇಳಿದ್ರ ಏನಾಗಬ್ಯಾಡ? ಯಾರೋ ಬೇಕಂತ ಮಾಡ್ಯಾರ, ಏನೋ ಮಾಟ ಮಾಡಿ ಕಳಿಸ್ಯಾರ ಅನ್ಕೊಂಡೆ. ನಮ್ಮ ಅಂಗಡಿ ಹುಡುಗನ ಕಡೆ ಒಯ್ದು, ಎಲ್ಲಾ ತಗದು ಫೋನ್ ಹೊಸಾದ್ರಂಗ ಮಾಡಿಕೊಡಪಾ ಅಂದೆ. ಮಾಡಿಕೊಟ್ಟ. ಬಂದು ಫೋನಿಗೆ ಊದಬತ್ತಿ ಬೆಳಗಿದೆ."

ನಾನು ಅಲ್ಲೇ ಒಲೆಯ ಮುಂದೆ ಕೂತೆ.

"ನಿಮ್ಮಕ್ಕನ ದನಿ ನಂಗ ಗೊತ್ತಿಲ್ಲೇನ? ಅದು ಆಕಿದಲ್ಲವಾ, ಖರೇನ ಅಲ್ಲ..." ಅಂತ ಹೇಳುತ್ತ ಹೇಳುತ್ತ ವೈನಿ ನನ್ನ ಮುಖ ನೋಡಿದಳು. ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಬೈಯಬೇಕೆಂದೇ ಹೋಗಿದ್ದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ಮೇಲೆಯೇ, ಮನೆಯವರನ್ನು ಕೇಳಿ. ಆದರೆ ಒಳಗಿನ ಕೋಣೆಯಲ್ಲಿ ಆ ಸೊಸೆ ಮಗ್ಗುಲು ಹೊರಳಿದ ಸಪ್ಪಳ ಕೇಳಿತು, ಬಳೆಯ ಸಪ್ಪಳ. ಯಾರನ್ನು ಬೈಯಲಿ? ಹೆಸರು ಏನಂತ ನೆನಪಿದೆಯಾ ಎಂದು ಪಿಸುದನಿಯಲ್ಲಿ ಕೇಳಿದೆ. ವೈನಿ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ವೈನಿಯ ಫೋನು ಹಿಡಿದು ಅಂಗಡಿಗೂ ಹೋದೆ. ಅಕ್ಕನ ಫೋನನ್ನೂ ಒಯ್ದಿದ್ದೆ. ಹುಡುಗ ಎರಡನ್ನೂ ಅದೇನೋ ಯಂತ್ರಕ್ಕೆ ಚುಚ್ಚಿ ನೋಡಿ, "ಏನೂ ಉಳಿದಿಲ್ರಿ ಅಕ್ಕಾರ," ಅಂದ. ಆಮೇಲೆ ತಿಂಗಳುಗಟ್ಟಲೆ ವೈನಿ ನಡುನಡುವೆ ಫೋನು ಮಾಡಿ, "ಇದs ಇರಬೇಕೇನ ನೋಡು," ಅಂತ ಒಂದೊಂದು ಹೆಸರು ಹೇಳುತ್ತಿದ್ದಳು. ಕೊನೆಗೆ ನಾನು ಆಕೆಯ ಫೋನು ಎತ್ತುವುದನ್ನೇ ಬಿಟ್ಟೆ.

ಅಕ್ಕನಿಗೆ ಹೇಳಬೇಕು. ಪ್ರತಿ ಭಾನುವಾರ ಹೇಳಲೆಂದೇ ಬ್ಯಾಡಗಿಗೆ ಹೋಗುತ್ತಿದ್ದೆ. ಆಕೆ ಗಿರಣಿಗೆ ಬಂದು ಕೂರತೊಡಗಿದ್ದಳು, ಕುತ್ತಿಗೆಯ ತೂತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಧೂಳು ತಾಗದ ಹಾಗೆ ದೂರದ ಕಟ್ಟೆಯ ಮೇಲೆ. ಚೀಲ ಆದವರನ್ನು ಕರೆಯಲು ತಗಡಿನ ಡಬ್ಬಿ ಬಡಿಯುತ್ತಿದ್ದಳು. ನಾನು ಹೋದ ಕೂಡಲೇ ನೋಟ್‌ಬುಕ್ಕಿನಲ್ಲಿ ತಮ್ಮನ ಹೆಂಡತಿಯ ಸುದ್ದಿ ಕೇಳುತ್ತಿದ್ದಳು. ಒಂದು ಸಲ ಬರೆದಳು: "ಫೋನಿನ ದನಿ ಜೋರು ಇಡಬ್ಯಾಡ, ಕೂಸು ಅಂಜತೈತಿ." ಮತ್ತೊಂದು ಸಲ: "ಗುದ್ದು ಮಾತ್ರ ನನಗs ಹಾಕಬೇಕು, ಹೇಳಿಡು ಎಲ್ಲಾರಿಗೂ." ಇದನ್ನು ಓದಿದ ಮೇಲೆ ನನ್ನ ನಾಲಿಗೆ ಹೇಗೆ ಹೊರಳಬೇಕು? ಮುಂದಿನ ವಾರ ಹೇಳಿದರಾಯಿತು ಅನ್ನುತ್ತಿದ್ದೆ. ಹೇಡಿ ನಾನು, ಬೇರೆ ಏನೂ ಇಲ್ಲ. ಹಾಗೆ ಮೂರು ತಿಂಗಳು ಹೋದವು.

ಹೆಣ್ಣು ಹುಟ್ಟಿತು. ಮೇಡ್ಲೇರಿಯಲ್ಲಿ, ತಮ್ಮನ ಹೆಂಡತಿಯ ತವರಿನಲ್ಲಿ, ಹದಿಮೂರನೆಯ ದಿನಕ್ಕೆ ತೊಟ್ಟಿಲು ಕಟ್ಟಿದರು. ಅಕ್ಕ ಇಳಕಲ್ ಸೀರೆ ಉಟ್ಟು, ಕುತ್ತಿಗೆಗೆ ಹೊಸ ಬಿಳಿ ಬಟ್ಟೆ ಕಟ್ಟಿಕೊಂಡು ಬಂದಿದ್ದಳು. ಪಡಸಾಲೆ ತುಂಬ ಹೆಂಗಸರು. ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಿಂದ ದಾಟಿಸಿ ಒಳಗೆ ಮಲಗಿಸಿದರು. "ಸೋದರತ್ತಿ ಬರ್ರಿ," ಅಂದಳು ತಮ್ಮನ ಅತ್ತೆ.

ಅಕ್ಕ ಎದ್ದಳು. ನನ್ನ ಕೈ ಹಿಡಿದು ಎಬ್ಬಿಸಿದಳು. ತೊಟ್ಟಿಲ ಹತ್ತಿರ ನಿಂತು, ಫೋನು ತೆಗಿ ಅಂತ ಸನ್ನೆ ಮಾಡಿದಳು. ಒಂದು ಬೆರಳು ತೋರಿಸಿದಳು: ಮೊದಲನೆಯದು, ಹೆಣ್ಣಿನದು.

ನಾನು ಫೋನು ತೆಗೆದೆ. ಹುಡುಕುವವಳ ಹಾಗೆ ಪರದೆಯ ಮೇಲೆ ಬೆರಳು ಆಡಿಸಿದೆ. ಎಷ್ಟು ಹೊತ್ತು ಆಡಿಸಲಿ? ಎಲ್ಲರೂ ಕಾಯುತ್ತಿದ್ದರು. ಅಕ್ಕ ಬಗ್ಗಿ ಕೂಸಿನ ಕಿವಿಯ ಹತ್ತಿರದ ಬಟ್ಟೆ ಸರಿಸುತ್ತಿದ್ದಳು.

"ಅಕ್ಕಾ," ಅಂದೆ. "ಇಲ್ಲ ಅವು. ಅವತ್ತs ಹೋಗ್ಯಾವ. ತಪ್ಪಿ ಬ್ಯಾರೇದವರ ಫೋನಿಗೆ ಕಳಿಸಿದೆ. ಅವರು ಅಳಿಸ್ಯಾರ. ನಾ ನಿನಗ ಸುಳ್ಳ ಹೇಳಿದ್ದೆ."

ಅಕ್ಕ ನನ್ನನ್ನು ನೋಡಿದಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆದಿದ್ದರೆ ಆಗುತ್ತಿತ್ತು. ಅಂಗೈಯಿಂದ ನನ್ನನ್ನು ಒಂದು ಕಡೆ ಸರಿಸಿ, ತಾನೇ ತೊಟ್ಟಿಲ ಮೇಲೆ ಬಗ್ಗಿದಳು. ಕೂಸಿನ ಕಿವಿಗೆ ಬಾಯಿ ಹಚ್ಚಿದಳು. ಕುರ್ರ್ ಎಂದು ಊದಲು ಬಾಯಿಗೆ ಗಾಳಿ ಬರಬೇಕು. ಆಕೆಯ ಗಾಳಿ ಕುತ್ತಿಗೆಯಿಂದ ಹೊರಟು ಆ ಬಿಳಿ ಬಟ್ಟೆಯನ್ನು ಎತ್ತಿತು, ಅಷ್ಟೇ. ತುಟಿ ಆಡಿದ್ದು ನನಗೆ ಪಕ್ಕದಿಂದ ಕಂಡಿತು. ಏನು ಆಡಿತು ಅಂತ ತಿಳಿಯಲಿಲ್ಲ. ಕೂಸು ಅಳಲಿಲ್ಲ, ಮಲಗಿಯೇ ಇತ್ತು.

ಹೆಸರು ಹೇಳಿ ಆದ ಮೇಲೂ ಅಕ್ಕ ಏಳಲಿಲ್ಲ. ಬೆನ್ನು ಬಗ್ಗಿಸಿಕೊಂಡೇ ನಿಂತಿದ್ದಳು. ಗುದ್ದು ಬೀಳಲಿ ಅಂತ ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಕಾಯಿಲೆಯ ಹೆಣ್ಣುಮಗಳ ಬೆನ್ನಿಗೆ ಯಾರು ಕೈ ಎತ್ತುತ್ತಾರೆ? ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೊನೆಗೆ ಆಕೆ ತೊಟ್ಟಿಲ ಹಗ್ಗ ಹಿಡಿದು ನೆಟ್ಟಗಾದಳು.

ತಮ್ಮನ ಅತ್ತೆ ಮೆತ್ತಗೆ ಕೇಳಿದಳು, "ಏನ್ ಹೆಸರಿಟ್ರಿ, ಅಕ್ಕಾರ?"

ತಮ್ಮ ನೋಟ್‌ಬುಕ್ಕು ತಂದುಕೊಟ್ಟ. "ಬರೀ ಅಕ್ಕಾ, ಸಣ್ಣಕ್ಕ ಜೋರಾಗಿ ಹೇಳ್ತಾಳ. ಆಕೀನೂ ಸೋದರತ್ತಿನs ಅಲ್ಲ."

ಅಕ್ಕ ಬರೆದಳು. ಹೆಂಗಸರೆಲ್ಲ ಮುಂದೆ ಬಾಗಿದರು. ಹಾಳೆಯ ಮೇಲೆ ಇದ್ದದ್ದು, "ಹೇಳೇನಿ."

ಇನ್ನೊಮ್ಮೆ ಕೇಳಿದರು. ಪೆನ್ನು ಕೆಳಗಿಟ್ಟು ಹೋಗಿ ಮೂಲೆಯ ಕಂಬಳಿಯ ಮೇಲೆ ಕೂತಳು. ಹೆಸರಿಲ್ಲದೆ ಕೂಸನ್ನು ತೊಟ್ಟಿಲಲ್ಲಿ ಬಿಡಬಾರದು ಎಂದು ಹಿರಿಯರು ಗಡಬಡಿಸಿದರು. ತಮ್ಮನ ಮಾವ ಪಂಚಾಂಗ ತೆಗೆದು ಅಕ್ಷರ ನೋಡಿದರು, ಯಾರೋ ಒಂದು ಹೆಸರು ಅಂದರು, ಆಗಲಿ ಅಂದರು. ಹೇಳಲಿಕ್ಕೆ ಸೋದರತ್ತೆ ಬೇಕು. ನನ್ನನ್ನು ಮುಂದೆ ನೂಕಿದರು. ನಾನು ಒಲ್ಲೆ ಅಂದೆ, ಯಾರೂ ಕೇಳಲಿಲ್ಲ. ಬಗ್ಗಿ ಕುರ್ರ್ ಅಂದೆ, ಆ ಪಂಚಾಂಗದ ಹೆಸರು ಹೇಳಿದೆ. ಕೂಸು ಬೆಚ್ಚಿ ಕಿರುಚಿತು. ಅಷ್ಟು ಹೊತ್ತು ತಡೆದುಕೊಂಡಿದ್ದ ಹೆಂಗಸರೆಲ್ಲ ಒಮ್ಮೆಲೇ ನನ್ನ ಬೆನ್ನಿಗೆ ದಬದಬ ಗುದ್ದಿದರು, ಯಾರೋ ನಕ್ಕರು. ಇನ್ನೂ ಗುದ್ದಿ, ಇನ್ನೂ ಅಂತ ಒಳಗೊಳಗೆ ಅನ್ನುತ್ತಿದ್ದೆ. ಅಕ್ಕ ನೋಡುತ್ತ ಕೂತಿದ್ದಳು.

ಕೂಸಿಗೆ ಈಗ ಮೂರನೆಯ ವರ್ಷ. ನಾವೆಲ್ಲ ಆಕೆಯನ್ನು ನಾನು ಹೇಳಿದ ಹೆಸರಿನಿಂದಲೇ ಕರೆಯುತ್ತೇವೆ. ಅಕ್ಕ ಆ ಹೆಸರನ್ನು ಒಂದು ಸಲವೂ ಬರೆದದ್ದು ನಾನು ನೋಡಿಲ್ಲ. ಬರೆಯಬೇಕಾದಲ್ಲಿ 'ಕೂಸು' ಅಂತ ಬರೆಯುತ್ತಾಳೆ. ನನ್ನ ಮೇಲೆ ಸಿಟ್ಟು ಮಾಡಿಲ್ಲ, ಹೋದಾಗ ಚಹಾ ಕೊಡುತ್ತಾಳೆ, ಊಟಕ್ಕೆ ಹಾಕುತ್ತಾಳೆ.

ಹೋದ ಯುಗಾದಿಗೆ ಧೈರ್ಯ ಮಾಡಿ ಕೇಳಿದೆ. ಗಿರಣಿ ಬಂದ್ ಇತ್ತು, ಇಬ್ಬರೇ ಕಟ್ಟೆಯ ಮೇಲೆ ಕೂತಿದ್ದೆವು. "ಅಕ್ಕಾ, ಅವತ್ತ ಕೂಸಿಗೆ ಏನ್ ಹೆಸರು ಹೇಳಿದ್ದಿ? ನನಗರ ಹೇಳು. ಯಾರ ಮುಂದೂ ಅನ್ನೂದಿಲ್ಲ," ಅಂದೆ.

ಅಕ್ಕ ನೋಟ್‌ಬುಕ್ಕು ತೆಗೆದು, ಅವಸರವಿಲ್ಲದೆ ಬರೆದು, ನನಗೆ ಓದಲಿಕ್ಕೆ ಬರುವ ಹಾಗೆ ತಿರುಗಿಸಿ ಹಿಡಿದಳು.

"ನಿನಗ ಹೇಳಂಗಿಲ್ಲ."